ಮಾತು ಹೋದರೂ ಕೈ ಮರೆಯದ ತಸ್ಲೀಮಾ

ಬೆಳಗಾವಿಯ ರಾಮತೀರ್ಥ ನಗರದ ಬೀದಿದೀಪಗಳು ಇನ್ನೂ ಆರಿಲ್ಲ. ಮೊದಲ ಮಹಡಿಯ ಮನೆಯೊಂದರ ಬಚ್ಚಲಲ್ಲಿ ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕುಳಿತಿರುವ ತಸ್ಲೀಮಾ ಎರಡೂ ಕಾಲುಗಳನ್ನು ಉದ್ದಕ್ಕೆ ಚಾಚಿದ್ದಾರೆ. ಆ ಕಾಲುಗಳ ಮೇಲೆ ಇನ್ನೂ ತಿಂಗಳು ತುಂಬದ ಹೆಣ್ಣುಕೂಸೊಂದು ಬೋರಲಾಗಿ ಮಲಗಿ ಅರೆನಿದ್ದೆಯಲ್ಲಿ ಮುಲುಗುತ್ತಿದೆ. ಎಣ್ಣೆ ಹಚ್ಚಿದ ಎಡಗೈ ಕೂಸಿನ ಕತ್ತಿನಿಂದ ಸೊಂಟದವರೆಗೆ ಹೋಗಿ ಬರುತ್ತದೆ. ಬಲಗೈ ಅದರ ಹಿಂದೆಯೇ, ಸ್ವಲ್ಪ ತಡವಾಗಿ, ಅಕ್ಕನ ಹಿಂದೆ ಬರುವ ತಂಗಿಯ ಹಾಗೆ ಹೋಗುತ್ತದೆ.

ಪಕ್ಕದಲ್ಲಿ ತಂಬಿಗೆ ಹಿಡಿದು ನಿಂತವರು ಬಾಳವ್ವ. ತಸ್ಲೀಮಾ ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ ನೋಡಿ, ತಲೆ ಅಲ್ಲಾಡಿಸುತ್ತಾರೆ.

“ತೇ... ತೇ ಹಾಕು.”

ಬಾಳವ್ವ ಅರ್ಧ ತಂಬಿಗೆ ತಣ್ಣೀರು ಬೆರೆಸುತ್ತಾರೆ. “ಮರಾಠ್ಯಾಗ ‘ತೇ’ ಅಂದ್ರ ‘ಅದು’ ಅಂತರೀ,” ಎಂದು ನನ್ನ ಕಡೆ ತಿರುಗಿ ವಿವರಿಸುತ್ತಾರೆ. “ಈಗ ತೇ ಅಂದ್ರ ತಣ್ಣೀರು. ಇನ್ನ ಜರಾ ಹೊತ್ತಿಗೆ ತೇ ಅಂದ್ರ ಟಾವೆಲ್. ಮನಿಗೆ ಹೊಂಡೂ ಮುಂದ ತೇ ಅಂದ್ರ ಚಪ್ಪಲ್. ಯಾವ ತೇ ಯಾವುದು ಅನ್ನೂದು ಅಕಿ ಗಂಡಗೂ ತಿಳಿಯೂದಿಲ್ಲ, ನನಗ ತಿಳೀತೈತಿ.”

ತಸ್ಲೀಮಾ ನಗುತ್ತಾರೆ. ನಕ್ಕಾಗ ತುಟಿಯ ಬಲತುದಿ ಎಡತುದಿಯಷ್ಟು ಮೇಲೇಳುವುದಿಲ್ಲ. ಮೊದಲ ನೀರು ಬೀಳುತ್ತಲೇ ಕೂಸು ಮೈಯೆಲ್ಲ ಕೆಂಪಾಗಿಸಿಕೊಂಡು ಕಿರುಚುತ್ತದೆ. ಮೂರನೆಯ ತಂಬಿಗೆಯ ಹೊತ್ತಿಗೆ ಸುಮ್ಮನಾಗಿ, ಬಾಯಿ ತೆರೆದು ಸುಖದಲ್ಲಿ ಕಣ್ಣು ಮುಚ್ಚುತ್ತದೆ. ಬಚ್ಚಲ ಬಾಗಿಲಲ್ಲಿ ಕೂಸಿನ ಅಜ್ಜಿ ನಿಂತಿದ್ದಾರೆ. ಅವರು ನೋಡುವ ಆಸೆಗೆ ನಿಂತವರಲ್ಲ. ಮನೆಯವರೊಬ್ಬರು ಅಲ್ಲಿ ನಿಲ್ಲಲೇಬೇಕೆಂಬುದು ತಸ್ಲೀಮಾ ಅವರದೇ ಕರಾರು. ಹೊಸ ಮನೆಗೆ ಹೋದ ಮೊದಲ ದಿನ, ಕೂಸನ್ನು ಮುಟ್ಟುವ ಮೊದಲು, ಅವರು ಬಾಯಿಪಾಠ ಮಾಡಿಕೊಂಡ ಒಂದು ಮಾತನ್ನು ಒಪ್ಪಿಸುತ್ತಾರೆ. ನನ್ನೆದುರೂ ಒಪ್ಪಿಸಿದರು.

“ನನ್ನ ತಲಿಗೆ ಪೆಟ್ಟು ಬಿದ್ದಿತ್ತು. ಫಿಟ್ಸ್ ಬಂದಿತ್ತು. ಈಗಿಲ್ಲ. ಗುಳಿಗಿ ತಗೋತೀನಿ. ಆದ್ರೂ ಯಾರರೆ ಬಾಜೂ ಇರ್ರಿ. ಒಪ್ಪಿದ್ರ ಕೂಸು ಕೊಡ್ರಿ.”

ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರೆರೆಯುವ ಹೆಂಗಸನ್ನು ಈ ಕಡೆ ‘ಎರಿಯಾಕಿ’ ಎಂದೇ ಕರೆಯುತ್ತಾರೆ. ಹೆರಿಗೆ ಮಾಡಿಸಿದ ಡಾಕ್ಟರರ ಹೆಸರು ಮನೆಯವರಿಗೆಲ್ಲ ನೆನಪಿರುತ್ತದೆ. ಹೆಸರಿಟ್ಟ ಸೋದರತ್ತೆಗೆ ಸೀರೆ ಸಿಗುತ್ತದೆ. ಮೂರು ತಿಂಗಳು ದಿನಾ ಬೆಳಗಾಗುವ ಮೊದಲು ಬಂದು ಆ ಕೂಸಿನ ಕತ್ತು ನಿಲ್ಲಿಸಿ ಹೋದ ಎರಿಯಾಕಿ ಮಾತ್ರ ಹೆಸರಿಡುವ ಬಾರಸೆಯ ಯಾವ ಫೋಟೊದಲ್ಲೂ ಇರುವುದಿಲ್ಲ. ನಲವತ್ತು ದಾಟಿರುವ ತಸ್ಲೀಮಾ ಎಂಥ ದೊಡ್ಡ ಅಪಾಯ ದಾಟಿ ಈ ಬಚ್ಚಲಿಗೆ ಮರಳಿದ್ದಾರೆಂಬುದು ಅವರ ಕೈಯಲ್ಲಿ ಬೆಳೆದ ಬಹುಪಾಲು ಮಕ್ಕಳ ಮನೆಯವರಿಗೂ ಪೂರ್ತಿ ಗೊತ್ತಿಲ್ಲ.

ತಸ್ಲೀಮಾ ಹುಟ್ಟಿದ್ದು ನಂದಗಡದಲ್ಲಿ. ಮದುವೆಯಾಗಿ ಬಂದದ್ದು ಖಾನಾಪುರಕ್ಕೆ. ಅತ್ತೆ ನಸೀಬಾ ಆ ಊರಿನ ಹೆಸರುವಾಸಿ ದಾಯಿ, ಸೂಲಗಿತ್ತಿ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಎರಡು ಓಣಿಗಳ ಅರ್ಧ ಮಂದಿಯನ್ನು ಭೂಮಿಗೆ ಇಳಿಸಿದವರು. ಸೊಸೆ ಬಂದ ಮೊದಲ ವರ್ಷವೇ ಅವಳನ್ನು ಜೊತೆಗೆ ಕರೆದೊಯ್ಯತೊಡಗಿದರು. ಹಿಟ್ಟಿನ ಮುದ್ದೆ ಕೊಟ್ಟು ತಿಕ್ಕುವುದನ್ನು ಕಲಿಸಿದರು, ಆಮೇಲೆ ಕೂಸು ಕೊಟ್ಟರು. ನೆತ್ತಿಯ ಮೇಲೆ ಒತ್ತಬಾರದು, ಕಿವಿಗೆ ಮೂಗಿಗೆ ಎಣ್ಣೆ ಬಿಡಬಾರದು, ಕೂಸು ಅತ್ತರೆ ಅವಸರ ಮಾಡಬಾರದು. ತಸ್ಲೀಮಾ ಬೇಗ ಕಲಿತರು. ಜೊತೆಗೆ ಅವರಿಗೆ ಇನ್ನೊಂದು ವರವಿತ್ತು: ಬಾಯಿ. ಕನ್ನಡದ ಮನೆಯಲ್ಲಿ ಕನ್ನಡ, ಮರಾಠಿ ಮನೆಯಲ್ಲಿ ಮರಾಠಿ, ತಮ್ಮ ಮನೆಯಲ್ಲಿ ದಖನಿ ಉರ್ದು. ಮೂರರಲ್ಲೂ ಬಾಣಂತಿಯನ್ನು ನಗಿಸಬಲ್ಲವರಾಗಿದ್ದರು, ಮೂರರಲ್ಲೂ ಜಗಳಕ್ಕೆ ನಿಲ್ಲಬಲ್ಲವರಾಗಿದ್ದರು.

ಆರು ವರ್ಷದ ಹಿಂದೆ, ಮಳೆ ಬಿಟ್ಟ ಒಂದು ಮಧ್ಯಾಹ್ನ, ತವರಿನಲ್ಲಿ ಊಟ ಮುಗಿಸಿ ಗಂಡ ಶಬ್ಬೀರರ ಬೈಕಿನ ಹಿಂದೆ ಕುಳಿತು ನಂದಗಡದಿಂದ ಖಾನಾಪುರಕ್ಕೆ ಹೊರಟಿದ್ದರು. ಬುರ್ಖಾದ ಚುಂಗು ಹಿಂದಿನ ಗಾಲಿಗೆ ಸಿಕ್ಕಿತು. ಹೆಲ್ಮೆಟ್ ಇದ್ದದ್ದು ಶಬ್ಬೀರರ ತಲೆಯಲ್ಲಿ ಮಾತ್ರ. ತಸ್ಲೀಮಾ ಹಿಮ್ಮುಖವಾಗಿ ಡಾಂಬರಿನ ಮೇಲೆ ಬಿದ್ದರು.

“ರಗತ ಭಾಳ ಇರ್ಲಿಲ್ರಿ,” ಎನ್ನುತ್ತಾರೆ ಶಬ್ಬೀರ. “ಅದಕ್ಕ ನಾ ಏನೂ ಆಗಿಲ್ಲ ಅಂತ ತಿಳಕೊಂಡಿದ್ದೆ. ಎಬ್ಬಿಸಿ ಕುಂದ್ರಸಿದ್ರ ಕುತಗಿ ಜೋಲಿ ಹೊಡೀತು. ಕಿವ್ಯಾಗಿಂದ ನೀರಿನಂಗ ಏನೋ ಬರಾಕ ಹತ್ತಿತ್ತು.”

ಆಗ ಹಿಂದಿನಿಂದ ಬಂದದ್ದು ಬಂಡೆಪ್ಪ ಎಂಬುವವರ ಟೆಂಪೊ. ತುಂಬ ಹೆಂಚು ಹೇರಿಕೊಂಡು ಹೊರಟಿದ್ದರು. ಅವರು ಏನನ್ನೂ ಕೇಳಲಿಲ್ಲ. ಕ್ಲೀನರನ ಜೊತೆ ಸೇರಿ ಅರ್ಧ ಹೆಂಚು ರಸ್ತೆಯ ಬದಿಗೆ ಇಳಿಸಿ, ಜಾಗ ಮಾಡಿ, ಚೀಲ ಹಾಸಿ, ತಸ್ಲೀಮಾರನ್ನು ಮಲಗಿಸಿದರು. ತಲೆ ಅಲುಗಾಡದಂತೆ ಎರಡೂ ಕಡೆ ತಮ್ಮ ಹೊದಿಕೆಯನ್ನು ಸುತ್ತಿ ಇಟ್ಟು, ಎಲ್ಲೂ ನಿಲ್ಲಿಸದೆ ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ತಂದು ಬಿಟ್ಟರು. ಮರುದಿನ ಬಂಡೆಪ್ಪ ಹೋಗಿ ನೋಡಿದರೆ ರಸ್ತೆ ಬದಿಯ ಹೆಂಚುಗಳ ಮೇಲೆ ಯಾರೋ ತಾಡಪತ್ರಿ ಹೊದಿಸಿ ಹೋಗಿದ್ದರಂತೆ, ಒಂದೂ ಕಡಿಮೆಯಾಗಿರಲಿಲ್ಲ.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಮಿದುಳು ಬಾತಿತ್ತು. ಬಾತ ಮಿದುಳಿಗೆ ಜಾಗ ಮಾಡಿಕೊಡಲು ವೈದ್ಯರು ಬುರುಡೆಯ ಎಡಭಾಗದ ಒಂದು ತುಂಡನ್ನು ತೆಗೆದರು. ಆ ಎಲುಬು ಕೆಡದಿರಲೆಂದು ಅವರದೇ ಹೊಟ್ಟೆಯ ಚರ್ಮದ ಕೆಳಗೆ ಇಟ್ಟು ಹೊಲಿದರು. ಬಾವು ಇಳಿದ ಮೇಲೆ, ಕೆಲವು ತಿಂಗಳು ಕಳೆದು, ಅಲ್ಲಿಂದ ತೆಗೆದು ಮತ್ತೆ ತಲೆಗೆ ಜೋಡಿಸಿದರು. ಇದನ್ನು ಹೇಳುವಾಗ ತಸ್ಲೀಮಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಮಾತುಗಳನ್ನು ಒಂದೊಂದಾಗಿ ಹೆಕ್ಕುತ್ತಾರೆ.

“ಎರಡು ಹಡದೀನ್ರಿ. ಮಗಳು, ಮಗಾ. ಮೂರನೇದು... ನನ್ನ ತಲಿ ಎಲುಬು.”

ಎಲುಬಿಲ್ಲದ ಆ ದಿನಗಳಲ್ಲಿ ತಲೆಯ ಎಡಭಾಗ ಮೆತ್ತಗಿತ್ತು. ಮೆಲ್ಲಗೆ ಬೆರಳಿಟ್ಟರೆ ಒಳಗಿನ ಮಿಡಿತ ತಿಳಿಯುತ್ತಿತ್ತು. ಆಸ್ಪತ್ರೆಗೆ ಬಂದ ಅತ್ತೆ ನಸೀಬಾ ಒಮ್ಮೆ ಅಲ್ಲಿ ಕೈಯಿಟ್ಟು ತಟ್ಟನೆ ತೆಗೆದುಕೊಂಡು, “ಕೂಸಿನ ನೆತ್ತಿ ಇದ್ದಂಗ ಐತಿ,” ಎಂದು ಗೋಡೆಗೆ ಮುಖ ಮಾಡಿ ಅತ್ತರು. ನೂರಾರು ಕೂಸುಗಳ ನೆತ್ತಿ ಮುಟ್ಟಿದ ಕೈ ಅದು.

ಎಚ್ಚರವಾದ ತಸ್ಲೀಮಾಗೆ ಬಲಗೈ ಏಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಹೊಡೆತ ಬಿದ್ದದ್ದು ಮಾತಿಗೆ. ವಾರಗಟ್ಟಲೆ ಬಾಯಿಂದ ಶಬ್ದವೇ ಇಲ್ಲ. ಆಮೇಲೊಂದು ಬೆಳಿಗ್ಗೆ, ಮಂಚದ ಪಕ್ಕ ಕುಳಿತಿದ್ದ ಗಂಡನನ್ನು ನೋಡಿ ಅವರು ಬಾಯಿ ತೆರೆದರು.

“ಅಹೋ, ಪಾಣೀ ದ್ಯಾ.”

ನೀರು ಕೇಳಿದ್ದರು, ಮರಾಠಿಯಲ್ಲಿ. “ಹದಿನೆಂಟು ವರ್ಷ ಸಂಸಾರ ಮಾಡಿದ್ವಿರಿ,” ಎನ್ನುತ್ತಾರೆ ಶಬ್ಬೀರ. “ಮನ್ಯಾಗ ಒಂದ ದಿನಾ ಮರಾಠಿ ಮಾತಾಡಿದ್ದಿಲ್ಲ. ಅದೂ ‘ಅಹೋ’, ‘ಏನ್ರೀ’ ಅಂತ, ಯಾರೋ ಮನಿಗೆ ಬಂದ ಪಾವಣ್ಯಾಗ ಕೇಳಿದಂಗ! ನಗಬೇಕೋ ಅಳಬೇಕೋ ತಿಳೀಲಿಲ್ಲ. ನೀರು ಕುಡಿಸಿ ಹೊರಗ ಬಂದು ಎರಡೂ ಮಾಡಿದೆ.”

ಹಲವು ಭಾಷೆ ಬಲ್ಲವರ ಮಿದುಳಿಗೆ ಪೆಟ್ಟಾದಾಗ ಯಾವ ಭಾಷೆ ಮೊದಲು ಮರಳುತ್ತದೆ, ಯಾವುದು ಹಿಂದುಳಿಯುತ್ತದೆ ಎಂದು ಮುಂಚೆ ಹೇಳಲಾಗದು ಎಂದು ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವವರು ತಿಳಿಸಿದರು. ಬೆಳೆದದ್ದು ಮರಾಠಿ ಮಾತಾಡುವ ಗೆಳತಿಯರ ನಡುವೆ, ಕೆಲಸ ಮಾಡಿದ್ದು ಹೆಚ್ಚು ಮರಾಠಿ ಮನೆಗಳಲ್ಲಿ, ಅದಕ್ಕೇ ಇರಬಹುದು, ಇರಲಿಕ್ಕಿಲ್ಲ. ಮನೆಯವರ ದಖನಿ ತಸ್ಲೀಮಾಗೆ ಅರ್ಥವಾಗುತ್ತಿತ್ತು. ಉತ್ತರ ಕೊಡಲು ಹೋದರೆ ಬರುತ್ತಿದ್ದದ್ದು ಮರಾಠಿಯ ಎರಡು ಮಾತು, ಇಲ್ಲವೇ ಏನೂ ಇಲ್ಲ. ಐದು ಹೊತ್ತಿನ ನಮಾಜಿನ ಸಾಲುಗಳು ಮಾತ್ರ ಒಂದಕ್ಷರ ತಪ್ಪದೆ ಬರುತ್ತಿದ್ದವು. ಖಾನಾಪುರದ ಓಣಿಯಲ್ಲಿ ಕೆಲವರು ಗಾಳಿ ಸೋಕಿದೆ ಎಂದರು, ತಾಯತದ ಮಾತಾಡಿದರು. ನಸೀಬಾ ಅವರನ್ನೆಲ್ಲ ಬಾಗಿಲಿನಿಂದಲೇ ಕಳಿಸಿದರು. “ಯಾವ ಗಾಳಿನೂ ಅಲ್ಲ, ತಲಿ ಒಡದೈತಿ. ಕಾಲು ಮುರದ್ರ ಗಾಳಿ ಅಂತೀರೇನು?” ಎಂದು ಕೇಳಿದರಂತೆ.

ಶಬ್ಬೀರ ಬೆಳಗಾವಿ ಹತ್ತಿರದ ಮಚ್ಛೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಬಂದು ಹೆಂಡತಿಗೆ ಊಟ ಮಾಡಿಸಿ ಹೋಗಲು ಅನುಕೂಲವಾಗಲೆಂದು, ಆಸ್ಪತ್ರೆಗೂ ಹತ್ತಿರವಾಗಲೆಂದು, ಅಲ್ಲಿಯೇ ಬಾಡಿಗೆ ಮನೆ ಹಿಡಿದರು. ಬಾಜೂ ಮನೆಯವರೇ ಬಾಳವ್ವ. ಆಗ ಅವರು ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಕನ್ನಡ ಬಿಟ್ಟರೆ ಬೇರೆ ಬಾರದು. ಹೊಸ ನೆರೆಯಾಕೆಗೆ ಮರಾಠಿ ಬಿಟ್ಟರೆ ಬೇರೆ ಹೊರಡದು. ಆದರೂ ಇಬ್ಬರೂ ಸಂಜೆ ಒಂದೇ ಕಟ್ಟೆಯ ಮೇಲೆ ಕೂಡುತ್ತಿದ್ದರು. “ನಾ ಮಾತಾಡಾಕಿ, ಅಕಿ ಕೇಳಾಕಿ. ಅಂಥಾ ಜೋಡಿ ಎಲ್ಲಿ ಸಿಗತೈತ್ರಿ?” ಎನ್ನುತ್ತಾರೆ ಬಾಳವ್ವ.

ಪೆಟ್ಟಾಗಿ ವರ್ಷ ಕಳೆದಿತ್ತು. ಬಲಗೈಗೆ ಅರ್ಧ ಜೀವ ಬಂದಿತ್ತು. ಬಾಳವ್ವನ ಮಗಳು ಬಾಣಂತನಕ್ಕೆ ಬಂದಿದ್ದಳು. ಒಂದು ಬೆಳಿಗ್ಗೆ ಬಾಣಂತಿ ಒಳಗೆ ಮಲಗಿದ್ದಾಗ ಕೂಸು ಒಂದೇ ಸಮ ಅಳತೊಡಗಿತು. ಒಲೆಯ ಮೇಲೆ ಹಾಲಿತ್ತು. ಬಾಳವ್ವ ಬೇರೆ ದಾರಿ ಕಾಣದೆ, ಕುರ್ಚಿಯಲ್ಲಿ ಕುಳಿತಿದ್ದ ತಸ್ಲೀಮಾರ ಮಡಿಲಿಗೆ ಕೂಸನ್ನು ಹಾಕಿ, “ಜರಾ ಹಿಡ್ಕೊಳ್ಳವಾ,” ಎಂದು ಅಡುಗೆಮನೆಗೆ ಓಡಿದರು.

ತಸ್ಲೀಮಾ ಕೂಸನ್ನು ಎದೆಗವಚಿಕೊಂಡೇ ಮೆಲ್ಲಗೆ ಕುರ್ಚಿಯಿಂದ ನೆಲಕ್ಕೆ ಜಾರಿದರು. ಗೋಡೆಗೆ ಒರಗಿದರು. ಕಾಲು ಚಾಚಿದರು. ಕೂಸನ್ನು ಬೋರಲು ಹಾಕಿ ಬೆನ್ನಿನ ಮೇಲೆ ಕೈಯಾಡಿಸಿದರು. ಕೈ ಸಾಗಿದ ಹಾಗೆ, ಅವರಿಗೇ ಗೊತ್ತಿಲ್ಲದೆ, ಬಾಯಿಯೂ ಸಾಗಿತು.

“ನೆತ್ತಿಗೆ ಎಣ್ಣಿ, ನೆಂಟರಿಗೆ ಬೆಣ್ಣಿ. ಕಾಲಿಗೆ ಎಣ್ಣಿ, ಕಾಕಾಗ ಬೆಣ್ಣಿ. ಕೈಗೆ ಎಣ್ಣಿ, ಕೂಸಿಗೆ ಬೆಣ್ಣಿ.”

“ಹಾಲು ಉಕ್ಕಿ ಒಲಿ ಆರಿತ್ರಿ,” ಎಂದು ಬಾಳವ್ವ ನೆನೆಯುತ್ತಾರೆ. “ನಾ ಬಾಗಲದಾಗ ನಿಂತು ನೋಡಾಕ ಹತ್ತಿದ್ದೆ. ವರ್ಷ ಆತು, ಒಂದು ಕನ್ನಡ ಮಾತು ಅಕಿ ಬಾಯಾಗ ಬಂದಿದ್ದಿಲ್ಲ. ಈಗ ನೋಡಿದ್ರ ಹಳ್ಳ ಹರದಂಗ ಹರ್ಯಾಕ ಹತ್ತೇತಿ! ಹಾಡು ಮುಗೀತು, ಕೂಸು ಮಕ್ಕೊಂತು. ಅಕಿ ನನ್ನ ನೋಡಿದ್ಲು. ಮತ್ತ ಮಾತಿಲ್ಲ. ಬರೇ ಕಣ್ಣಾಗ ನೀರು.”

ಬಾಯಿಪಾಠವಾದ ಹಾಡು, ಪ್ರಾರ್ಥನೆ, ಎಣಿಕೆ ಇವು ಮಾತು ಹೋದವರಲ್ಲೂ ಎಷ್ಟೋ ಸಲ ಉಳಿದುಕೊಂಡಿರುತ್ತವೆ ಎಂದು ತರಬೇತಿಯವರು ಹೇಳಿದರು. ಆ ಹಾಡನ್ನೇ ಹಿಡಿದು ಮುಂದೆ ಹೋಗಿರಿ ಎಂದರು. ಅಂದಿನಿಂದ ಬಾಳವ್ವನ ಮೊಮ್ಮಗನೇ ತಸ್ಲೀಮಾರ ಪಾಠ. ಹಾಡಿನೊಳಗಿನ ಕೈ, ಕಾಲು, ಎಣ್ಣೆ ಒಂದೊಂದಾಗಿ ಹಾಡು ಬಿಟ್ಟು ಹೊರಬಂದವು. ‘ಕಾಲು’ ಬಂತು, ‘ಕಾಲು ತೊಳಿ’ ಬಂತು, ಕೆಲವು ತಿಂಗಳಿಗೆ ‘ಕಾಲು ತೊಳದು ಒಳಗ ಬಾ’ ಬಂತು. ಕಾಲೇಜಿಗೆ ಹೋಗುತ್ತಿದ್ದ ಮಗಳು ಸನಮ ಸಂಜೆ ಅಮ್ಮನ ಎದುರು ಕುಳಿತು ಮನೆಯ ಸಾಮಾನು ಒಂದೊಂದೇ ಎತ್ತಿ ತೋರಿಸುತ್ತಿದ್ದಳು. ಚಮಚಕ್ಕೆ ಬಾಚಣಿಗೆ ಎಂದು, ಬಾಚಣಿಗೆಗೆ ಬೀಗ ಎಂದು ಹೇಳಿ, ತಪ್ಪು ತಮಗೇ ತಿಳಿದು, ಸಿಟ್ಟಿನಲ್ಲಿ ತಟ್ಟೆ ಎಸೆದ ದಿನಗಳೂ ಇದ್ದವು. ಮೊದಲು ಅಷ್ಟು ಸಿಟ್ಟಿನ ಹೆಂಗಸು ಅವರಾಗಿರಲಿಲ್ಲ. “ಅದು ಅಕಿ ಸಿಟ್ಟಲ್ರಿ, ಪೆಟ್ಟಿನ ಸಿಟ್ಟು ಅಂತ ಡಾಕ್ಟರ್ ಹೇಳಿದ್ರು,” ಎನ್ನುತ್ತಾರೆ ಶಬ್ಬೀರ. “ತಟ್ಟಿ ಹಾರಿ ಬಂದಾಗ ಅದು ನೆನಪಾಗೂದು ಸ್ವಲ್ಪ ತಡಾ ಆಗತಿತ್ತು.”

ಮತ್ತೆ ಕೆಲಸಕ್ಕೆ ಹೋಗಬಹುದೆಂಬ ಯೋಚನೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ತಲೆಗೆ ಪೆಟ್ಟು ಬಿದ್ದ, ಮಾತು ಸರಿಯಿಲ್ಲದ ಹೆಂಗಸಿನ ಕೈಗೆ ಹಸುಗೂಸನ್ನು ಯಾರು ಕೊಟ್ಟಾರು? ಕೊಟ್ಟವರು ಖಾನಾಪುರದ ಕುಂದಾಬಾಯಿ. ಅವರ ಮಗಳು ರಾಧಿಕಾಳ ಮೊದಲ ಬಾಣಂತನ ತವರಿನಲ್ಲಿ ಆದಾಗ ತಸ್ಲೀಮಾರೇ ಎರೆದಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ರಾಧಿಕಾ ಎರಡನೆಯದಕ್ಕೆ ರಾಮತೀರ್ಥ ನಗರದ ತನ್ನ ಮನೆಯಲ್ಲೇ ಉಳಿದಳು. ತಾಯಿಯೇ ಬಾಣಂತನ ಮಾಡಲು ಇಲ್ಲಿಗೆ ಬಂದರು. ತಸ್ಲೀಮಾ ಮಚ್ಛೆಯಲ್ಲಿದ್ದಾರೆಂದು ತಿಳಿದು ವಿಳಾಸ ಹುಡುಕಿಕೊಂಡು ಬಂದು ಕರೆದರು.

“ನನ್ನ ಮಗಳಿಗೆ ಅಂಜಿಕಿ ಇತ್ತರಿ, ಸುಳ್ಳ ಯಾಕ ಹೇಳ್ಲಿ,” ಎನ್ನುತ್ತಾರೆ ಕುಂದಾಬಾಯಿ. “ನಾ ಅಕಿ ಕೈ ನೋಡೀನಿ. ಡಾಕ್ಟರಗ ಕೇಳ್ಕೊಂಡು ಬಾ ಅಂದೆ. ಯಾರರೆ ಒಬ್ರು ಬಾಜೂ ಇದ್ರ ಮಾಡಬಹುದು ಅಂದ್ರಂತ. ಆತಲ್ಲಾ, ನಾನೂ ನಿಲ್ಲತೀನಿ, ಬಾಳವ್ವನೂ ನಿಲ್ಲತಾಳ ಅಂದೆ.”

ಹೀಗೆ ಬಾಳವ್ವ ಪಾತ್ರೆ ತಿಕ್ಕುವ ಮನೆಗಳನ್ನು ಬಿಟ್ಟು ತಂಬಿಗೆ ಹಿಡಿದರು. ಮೊದಲ ಎರಡು ವಾರ ಎಲ್ಲ ಸರಿಯಾಗಿ ನಡೆಯಿತು. ಮೂರನೆಯ ವಾರ ತಸ್ಲೀಮಾಗೆ ಜ್ವರ ಬಂದು ಹೋಗಿತ್ತು, ನಿದ್ದೆಯೂ ಕೆಟ್ಟಿತ್ತು. ಯಾರಿಗೂ ಹೇಳದೆ ಕೆಲಸಕ್ಕೆ ಬಂದರು. ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಹಾಗೆ ಮೂಗಿಗೆ ರಬ್ಬರು ಸುಟ್ಟ ವಾಸನೆ ಬಡಿಯಿತು. ಬಚ್ಚಲಲ್ಲಿ ಏನೂ ಸುಡುತ್ತಿರಲಿಲ್ಲ. ಆಪರೇಶನ್ ಆದ ಹೊಸದರಲ್ಲಿ ಒಮ್ಮೆ ಫಿಟ್ಸ್ ಬಂದಾಗಲೂ ಇದೇ ವಾಸನೆ ಬಂದಿತ್ತು.

“ಬಾಯಿ ಬರಲಿಲ್ಲ,” ಎನ್ನುತ್ತಾರೆ ತಸ್ಲೀಮಾ. “ಕನ್ನಡಾ ಇಲ್ಲ. ಮರಾಠಿ ಇಲ್ಲ. ಏನೂ ಇಲ್ಲ. ಕೈ ಇತ್ತು.”

ಆ ಕೈಯಿಂದ ಕೂಸನ್ನೆತ್ತಿ ಬಾಳವ್ವನ ಎದೆಗೆ ಒತ್ತಿದರು. ಬಾಳವ್ವ ತಂಬಿಗೆ ಬಿಸಾಡಿ ಕೂಸನ್ನು ಅವಚಿಕೊಂಡರು. ಮರುಕ್ಷಣ ತಸ್ಲೀಮಾ ಸೆಟೆದು ಪಕ್ಕಕ್ಕೆ ವಾಲಿದರು. ಕುಂದಾಬಾಯಿ ಅವರ ತಲೆ ಗೋಡೆಗೆ ಬಡಿಯದಂತೆ ತಮ್ಮ ತೊಡೆಗೆ ಎಳೆದುಕೊಂಡರು. ಕೂಸಿಗೆ ಏನೂ ಆಗಲಿಲ್ಲ. ಎಚ್ಚರವಾದಾಗ ತಸ್ಲೀಮಾ ಕೇಳಿದ ಮೊದಲ ಮಾತು “ಬಾಳ?” ಮರಾಠಿಯಲ್ಲಿ, ಮಗು ಎಲ್ಲಿ ಎಂದು. ಬಾಳವ್ವ ತಮ್ಮನ್ನೇ ಕರೆದರೆಂದು ತಿಳಿದು, “ಇಲ್ಲೇ ಅದೀನವಾ,” ಎಂದರಂತೆ. ಈಗ ಅದನ್ನು ಹೇಳಿ ಇಬ್ಬರೂ ನಗುತ್ತಾರೆ. ಅಂದು ನಕ್ಕವರಿಲ್ಲ.

ಮರುದಿನ ತಸ್ಲೀಮಾ ಕೆಲಸಕ್ಕೆ ಹೋಗಲಿಲ್ಲ. ವೈದ್ಯರು ಗುಳಿಗೆ ಬದಲಿಸಿದರು. ವರ್ಷವಿಡೀ ಫಿಟ್ಸ್ ಬರದಿದ್ದರೆ ಮತ್ತೆ ಯೋಚಿಸೋಣ ಎಂದರು. ವಾರ ಕಳೆದು ಕುಂದಾಬಾಯಿ ಮಚ್ಛೆಗೆ ಬಂದು, ಕೂಸು ಬೇಡ, ಬಾಣಂತಿಗಾದರೂ ಎಣ್ಣೆ ತಿಕ್ಕು ಬಾ ಎಂದು ಕರೆದರು. ಅದಕ್ಕೆ ತಸ್ಲೀಮಾ ಒಪ್ಪಿದರು. ಕೂಸಿನ ಕೋಣೆಯ ಹೊಸ್ತಿಲು ಮಾತ್ರ ದಾಟಲಿಲ್ಲ. ಬಾಣಂತಿಯ ಬೆನ್ನು ತಿಕ್ಕುತ್ತಾ, ಒಳಗೆ ಅಳುವ ಕೂಸಿಗೆ ಹೊರಗಿನಿಂದಲೇ ಹಾಡು ಹೇಳುತ್ತಿದ್ದರು. ವೈದ್ಯರು ಹೇಳಿದ ವರ್ಷ ಮುಗಿಯಿತು. ಈಗ ಎರೆಯಬಹುದು ಎಂದರು. ತಸ್ಲೀಮಾ ತಲೆ ಅಲ್ಲಾಡಿಸಿ ಇನ್ನೊಂದು ವರ್ಷವನ್ನು ತಾವೇ ಸೇರಿಸಿದರು.

“ಯಾರೂ ನನ್ನ ಬಿಡಸಿಲ್ಲ,” ಎನ್ನುತ್ತಾರೆ. ಈ ವಾಕ್ಯ ಅವರ ಬಾಯಿಂದ ತಡೆಯಿಲ್ಲದೆ ಬರುತ್ತದೆ. “ನಾನ ಬಿಟ್ಟೆ. ನಾನ ಹೊಳ್ಳಿ ಬಂದೆ.”

ಹೊಳ್ಳಿ ಬರಲು ಮೊದಲ ಮನೆ ತೋರಿಸಿದ್ದು ರಾಧಿಕಾ. ತನ್ನ ಸಹೋದ್ಯೋಗಿಯ ಕೂಸಿಗೆ ಎರೆಯಲು ಕಳಿಸಿದಳು, ನಡೆದದ್ದನ್ನೆಲ್ಲ ಅವರಿಗೆ ತಾನೇ ಹೇಳಿ. “ಆ ದಿನಾ ನಂಗ ಖರೇನ ಭಾಳ ಅಂಜಿಕಿ ಆಗಿತ್ರಿ, ಅವ್ವನ ಮ್ಯಾಲೆ ಸಿಟ್ಟೂ ಬಂದಿತ್ತು,” ಎನ್ನುತ್ತಾಳೆ ರಾಧಿಕಾ. “ಆಮ್ಯಾಲೆ ವಿಚಾರ ಮಾಡಿದೆ. ಬೀಳ್ತೀನಿ ಅಂತ ಗೊತ್ತಾದ ಮ್ಯಾಲೂ ಅವ್ರು ಮೊದಲು ಕೂಸು ಕೊಟ್ರು. ಅದಕ್ಕಿಂತ, ನಾವು ಕರದ್ರೂ ಎರಡು ವರ್ಷ ಬ್ಯಾಡ ಅಂದ್ರಲ್ಲ, ಅದು ನಂಗ ಧೈರ್ಯಾ ಕೊಟ್ಟತು. ಅಂಥವ್ರ ಕೈಯಾಗ ಕೂಸು ಕೊಡಬಹುದು ಅನ್ನಸ್ತು.”

ಈಗ ತಸ್ಲೀಮಾ ಮತ್ತು ಬಾಳವ್ವ ಮಚ್ಛೆಯಿಂದ ಮೊದಲ ಬಸ್ಸು ಹಿಡಿಯುತ್ತಾರೆ. ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಇಳಿದು ಇನ್ನೊಂದು ಬಸ್ಸು. ದಿನಕ್ಕೆ ಮೂರು ಮನೆ, ಅದಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ಮೂರನೆಯ ಮನೆಯಿಂದ ಹೊರಬರುವಾಗ ತಸ್ಲೀಮಾರ ಮುಖ ಬಿಳಿಚಿರುತ್ತದೆ. ಬಿಸಿಲು, ಹಾರ್ನು, ಮಂದಿಯ ಗದ್ದಲ ಇವು ತಲೆಯೊಳಗೆ ಹೊಕ್ಕು ಕೂರುತ್ತವೆ. ಮನೆಗೆ ಹೋದವರು ಕಿಟಕಿ ಮುಚ್ಚಿ, ಕತ್ತಲೆ ಮಾಡಿಕೊಂಡು ಮಲಗಬೇಕು. ಪೇಟೆಗೆ ಹೋಗಲಾರರು. ಫೋನಿನಲ್ಲಿ ಮಾತಾಡಲಾರರು, ಎದುರು ಮುಖ ಕಾಣದಿದ್ದರೆ ಮಾತು ಕೈಗೆ ಸಿಗುವುದಿಲ್ಲ. ಎರೆದ ಕೂಸುಗಳ ಹೆಸರು ನಿಲ್ಲುವುದಿಲ್ಲ. ಆದರೆ ಯಾವ ಕೂಸು ಬೆನ್ನು ಮುಟ್ಟಿದರೆ ನಗುತ್ತದೆ, ಯಾವುದು ಎಡಗಿವಿಗೆ ನೀರು ಬಿದ್ದರೆ ಸಿಟ್ಟಾಗುತ್ತದೆ ಎಂಬುದು ಮರೆಯುವುದಿಲ್ಲ.

ಕೂಸಿನ ಜೊತೆ ಇರುವುದು ಸುಲಭವೇ ಎಂದು ಕೇಳುತ್ತೇನೆ.

“ಸುಲಭ,” ಎನ್ನುತ್ತಾರೆ. “ದೊಡ್ಡವ್ರು ಕಾಯೂದಿಲ್ಲ. ನನ್ನ ಮಾತು ಅವರ ಮುಗಸ್ತಾರ. ಕೂಸು ಕಾಯತೈತಿ. ಅದಕ್ಕೂ ಮಾತಿಲ್ಲ, ನನಗೂ ಇಲ್ಲ. ಇಬ್ರೂ... ಸಾವಕಾಶ.”

ಪ್ರತಿ ಈದಿಗೆ ಶೀರ್ ಖುರ್ಮಾ ಪಾಯಸದ ಮೊದಲ ಡಬ್ಬಿ ಹೋಗುವುದು ಟೆಂಪೊ ನಡೆಸುವ ಬಂಡೆಪ್ಪನವರ ಮನೆಗೆ. ಅವರು ಪ್ರತಿ ವರ್ಷವೂ “ನಾ ಏನ್ ಮಾಡೇನ್ರಿ, ಹಾದ್ಯಾಗ ಇದ್ದೆ, ಒಯ್ದೆ,” ಎನ್ನುತ್ತಾರೆ, ಪ್ರತಿ ವರ್ಷವೂ ಡಬ್ಬಿಗೆ ತಮ್ಮ ಹೊಲದ ಶೇಂಗಾ ತುಂಬಿ ಮರಳಿಸುತ್ತಾರೆ. ಎರಡನೆಯ ಡಬ್ಬಿ ಕುಂದಾಬಾಯಿಗೆ. ಬಾಳವ್ವನಿಗೆ ಡಬ್ಬಿಯಿಲ್ಲ, ಆಕೆ ಅದು ಕುದಿಯುವ ಪಾತೇಲಿಯ ಪಕ್ಕದಲ್ಲೇ ಕುಳಿತಿರುತ್ತಾರೆ. ಕಳೆದುಕೊಂಡದ್ದರ ಬಗ್ಗೆ ನಾನು ಎಷ್ಟು ಬಗೆಯಲ್ಲಿ ಕೇಳಿದರೂ ತಸ್ಲೀಮಾ ಹೇಳುವುದು ಉಳಿದದ್ದನ್ನೇ. “ಸತ್ತಿಲ್ಲ. ಕೈ ಐತಿ. ಹಾಡು ಐತಿ. ಮಂದಿ ಕೂಸು ಕೊಡ್ತಾರ. ಶುಕ್ರ್, ಶುಕ್ರ್.” ದೇವರಿಗೆ ಉಪಕಾರ ಹೇಳುವ ಆ ಮಾತೊಂದು, ಅವರ ಮನೆಮಾತಿನದು, ನಮಾಜಿನ ಸಾಲುಗಳ ಹಾಗೆಯೇ ಅವರಲ್ಲಿ ಉಳಿದುಕೊಂಡಿತ್ತು.

ಕಾರ್ಖಾನೆಗೆ ರಜೆಯಿರುವ ಶುಕ್ರವಾರ ಮಧ್ಯಾಹ್ನ, ತಸ್ಲೀಮಾ ಮಲಗಿ ಎದ್ದ ಮೇಲೆ, ಗಂಡ ಹೆಂಡತಿ ಖಾನಾಪುರಕ್ಕೆ ಹೋಗುತ್ತಾರೆ, ಈಗ ಬಸ್ಸಿನಲ್ಲಿ. ನಾನೂ ಜೊತೆಗೆ ಹೋದೆ. ಹಿರಿಯ ಮಗನ ಮನೆಯಲ್ಲಿರುವ ನಸೀಬಾ ಅಂಗಳದ ಮಂಚದ ಮೇಲೆ ಕುಳಿತಿದ್ದಾರೆ. ಎಂಬತ್ತರ ಹತ್ತಿರದ ವಯಸ್ಸು. ಕಣ್ಣು ಮಂದ, ದನಿ ಗಟ್ಟಿ. ಸೊಸೆ ಮಾಡಿ ತಂದ ಚಹಾವನ್ನು ಒಂದು ಗುಟುಕು ಕುಡಿದು ದಖನಿಯಲ್ಲಿ ಶುರು ಮಾಡುತ್ತಾರೆ.

“ಕ್ಯಾಗೇ, ಯೇ ಚಾ ಹೈ ಕೀ ಗರಮ್ ಪಾನೀ?”

ಇದೇನು ಚಹಾನೋ ಬಿಸಿನೀರೋ ಎಂದು. ತಸ್ಲೀಮಾ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾರೆ. ಬಾಯಿ ತೆರೆಯುತ್ತಾರೆ. “ತುಮೇ... ತುಮೇ...” ‘ನೀವು’ ಎಂಬುದರ ಮುಂದಿನದು ಬರುವುದಿಲ್ಲ. ಹುಬ್ಬು ಗಂಟಾಗುತ್ತದೆ. ಕೊನೆಗೆ ಹೊರಬಿದ್ದದ್ದು ಮರಾಠಿಯ “ಸಾಖರ!” ಸಕ್ಕರೆ. ಅಂಗಳದಲ್ಲಿದ್ದವರೆಲ್ಲ ನಗುತ್ತಾರೆ. ತಸ್ಲೀಮಾ ತಾವೂ ನಕ್ಕು, ಸೋತವರಂತೆ ಮಂಚದ ಅಂಚಿಗೆ ಕೂಡುತ್ತಾರೆ.

“ಮೊದಲ ನಾ ಒಂದಂದ್ರ ಇಕಿ ಹತ್ತ ಅಂತಿದ್ಲು,” ಎಂದು ನಸೀಬಾ ನನಗೆ ಕನ್ನಡದಲ್ಲಿ ದೂರುತ್ತಾರೆ. “ನಮ್ಮ ಜಗಳಾ ಕೇಳಾಕ ಓಣಿ ಮಂದಿ ಬಾಗಲದಾಗ ನಿಲ್ಲತಿದ್ರು. ಈಗ ನಾ ಒಬ್ಬಾಕಿನ ಎಷ್ಟಂತ ಬೈಲಿ? ತಿರುಗಿ ಬೈದ್ರ ಬೈಯಾಕ ಹುರುಪು ಬರತೈತಿ.”

ಮನೆಮಾತು ತಸ್ಲೀಮಾಗೆ ಎಲ್ಲಕ್ಕಿಂತ ಹಿಂದೆ ಉಳಿದಿದೆ. ಇತ್ತೀಚೆಗೆ ಎರಡು ಮೂರು ಪದಗಳ ಸಾಲು ಬರತೊಡಗಿದೆ. ಸನಮ ಈಗ ಮದುವೆಯಾಗಿ ಹೋಗಿದ್ದಾಳೆ. ಬಂದಾಗಲೆಲ್ಲ ಅಮ್ಮನನ್ನು ಕೂರಿಸಿಕೊಂಡು ಹಳೆಯ ಬೈಗುಳಗಳನ್ನು ಒಂದೊಂದಾಗಿ ನೆನಪಿಸುತ್ತಾಳಂತೆ. ಇಳಿಬಿಸಿಲಿಗೆ ಸೆರಗು ಮರೆ ಮಾಡಿಕೊಂಡು ಕುಳಿತ ತಸ್ಲೀಮಾರನ್ನು, ಇನ್ನೇನು ಆಸೆಯಿದೆ ಎಂದು ಕೇಳಿದೆ. ಅವರು ಅವಸರ ಮಾಡಲಿಲ್ಲ. ಅತ್ತೆಯ ಕೈಯಿಂದ ಚಹಾದ ಖಾಲಿ ಬಸಿ ತೆಗೆದಿಟ್ಟು, ಒಂದೊಂದೇ ಮಾತನ್ನು ಜೋಡಿಸಿದರು.

“ಅತ್ತಿ ಗಟ್ಟಿ ಅದಾಳ. ಇನ್ನೂ ಭಾಳ ದಿನಾ ಇರ್ಲಿ. ಒಂದ್ಸಲ... ನಮ್ಮ ಮಾತಿನ್ಯಾಗ... ಚೊಲೋತಂಗ ಜಗಳಾ ಮಾಡಬೇಕು. ನಾ ಗೆಲ್ಲಬೇಕು.”

ಮುದುಕಿ ಮಂಚದ ಮೇಲೆ ನೆಟ್ಟಗೆ ಕುಳಿತರು. ಸೊಸೆಯ ತಲೆವಸ್ತ್ರದ ಮೇಲಿಂದಲೇ ಆ ಎಡಭಾಗವನ್ನು ಒಮ್ಮೆ ಸವರಿದರು.

“ಮಾಡು ಬಾ. ನೀ ಗೆಲ್ಲೂತನಕಾ ನಾ ಎಲ್ಲೂ ಹೋಗಂಗಿಲ್ಲ.”